ಮೊಣಕಾಲೂರಿ ಹೇಳಿದ ಹೆಸರು

"ಬಗ್ಗಿ, ಸಾರ್."

ಮಾರಿಯಾ ಹೇಳಿದ್ದು ಎರಡೇ ಮಾತು. ಆದರೆ ಆ ದನಿಯಲ್ಲಿದ್ದ ತಾತ್ಸಾರಕ್ಕೆ ವೇದಿಕೆಯ ಮೇಲೆ ನಿಂತಿದ್ದ ಆ ಎತ್ತರದ ಯುವಕ ತಬ್ಬಿಬ್ಬಾಗಿಬಿಟ್ಟ.

ಅವನ ಎದುರಿಗೆ ಪುಟ್ಟ ಪ್ರಿಸಿಲ್ಲಾ ಸೇವಂತಿಗೆ ಹಾರ ಹಿಡಿದು ತುದಿಗಾಲಲ್ಲಿ ನಿಂತಿದ್ದಳು. ಅವನೋ ಹಿಂದೆ ಸರಿಯುತ್ತಾ, ಬೇಡ ಬೇಡ ಎಂದು ಕೈಯಾಡಿಸುತ್ತಿದ್ದ. ಮೇಲೆತ್ತಿದ ಆ ಸಣ್ಣ ಕೈಗಳು ಸೋಲತೊಡಗಿದ್ದವು. ಕಣ್ಣಲ್ಲಿ ನೀರು ಇನ್ನೇನು ಬರುವುದರಲ್ಲಿತ್ತು...

"ನನಗೆ ಇದೆಲ್ಲ ಇಷ್ಟ ಆಗಲ್ಲ ಮಿಸ್," ಎಂದ ಅವನು ಮೆಲ್ಲಗೆ. "ಮಗು ಕೈಯಲ್ಲಿ ಹಾರ ಹಾಕಿಸ್ಕೊಳ್ಳೋದು ಒಂಥರಾ ಅನ್ಸುತ್ತೆ."

"ನಿಮಗೆ ಇಷ್ಟಾನಾ ಅಂತ ಇಲ್ಲಿ ಯಾರೂ ಕೇಳ್ಲಿಲ್ಲ. ಅವಳಿಗೆ ಇಷ್ಟಾನಾ ಅಂತಾನೂ ಯಾರೂ ಕೇಳಿಲ್ಲ. ಹೋದ ವರ್ಷ ಒಬ್ರು ಹಾರ ಬೇಡ ಅಂದ್ರು, ಆಮೇಲೆ ಮಗೂನೇ ಬೇಡ ಅಂದ್ರು. ಅದು ಇವಳಿಗೆ ಚೆನ್ನಾಗಿ ನೆನಪಿದೆ. ಬಗ್ಗಿ."

ಅವನು ಬಗ್ಗಿದ. ಹಾರ ಕೊರಳಿಗೆ ಬಿತ್ತು. ಫೋಟೋ ತೆಗೆಯುವವನು ಇನ್ನೊಂದು ಸಲ ಎಂದ. ಇನ್ನೊಂದು ಸಲವೂ ಬಗ್ಗಿದ.

ಹಲಸೂರು ಮಾರ್ಕೆಟ್ಟಿನ ಹಿಂದಿನ ಗಲ್ಲಿಯಲ್ಲಿರುವ ಚಾರೆಪ್ತಾ ಮಕ್ಕಳ ಮನೆಯಲ್ಲಿ ನವೆಂಬರ್ ತಿಂಗಳ ಕೊನೆಯ ಭಾನುವಾರಕ್ಕೆ 'ಪೋಷಕರ ಭಾನುವಾರ' ಎಂದು ಹೆಸರು. ತಂದೆ ತಾಯಿ ಇಲ್ಲದ, ಇದ್ದರೂ ಸಾಕಲಾರದ ಮನೆಗಳ ಮಕ್ಕಳು ಇಲ್ಲಿ ಬೆಳೆಯುತ್ತಾರೆ. ಒಂದೊಂದು ಮಗುವಿನ ಊಟ, ಶಾಲೆ, ಬೈಬಲ್ ಪಾಠ ಎಲ್ಲವನ್ನೂ ಒಂದೊಂದು ಕುಟುಂಬ ವಹಿಸಿಕೊಂಡಿದೆ. ಒಳ್ಳೆಯದೇ, ಬೇಡ ಎಂದವರಾರು?

ಆದರೆ ಕೊಟ್ಟು ಸುಮ್ಮನೆ ಮನೆಯಲ್ಲಿ ಕೂರುವುದು ಇವರಿಂದಾಗದು. ವರ್ಷಕ್ಕೊಮ್ಮೆ ಇಂದಿರಾನಗರದಿಂದ, ಪುಲಿಕೇಶಿನಗರದಿಂದ ಕಾರಿನಲ್ಲಿ ಬಂದಿಳಿಯಬೇಕು. ಮಗು ಹಾರ ಹಾಕಬೇಕು. ಮೈಕಿನ ಮುಂದೆ ನಿಂತು 'ನನ್ನನ್ನು ಓದಿಸುವವರು ಇಂಥವರು, ದೇವರು ಅವರನ್ನು ಹೆಚ್ಚಾಗಿ ಆಶೀರ್ವದಿಸಲಿ' ಎಂದು ಬಾಯಿಪಾಠ ಒಪ್ಪಿಸಬೇಕು. ಇವರು ಕರ್ಚೀಫಿನಿಂದ ಕಣ್ಣೊರೆಸಿಕೊಳ್ಳಬೇಕು. ಆಮೇಲೆ ಬಿರಿಯಾನಿ. ದೇವರಿಗೆ ಗೊತ್ತಾದರೆ ಸಾಲದು, ಪಕ್ಕದ ಮನೆಯವರಿಗೂ ಗೊತ್ತಾಗಬೇಕು!

ಮಾರಿಯಾ ಈ ಮನೆಯಲ್ಲೇ ಬೆಳೆದವಳು. ಈಗ ಇಲ್ಲಿಯ ಶಾಲೆಯಲ್ಲೇ ಕನ್ನಡ ಟೀಚರ್, ಬೈಬಲ್ ಕಥೆ ಹೇಳುವವಳೂ ಅವಳೇ. ವೇದಿಕೆಗೆ ಮಕ್ಕಳನ್ನು ಸಾಲಾಗಿ ಹತ್ತಿಸುವ ಕೆಲಸ ಪ್ರತಿ ವರ್ಷ ಅವಳ ಪಾಲಿಗೇ ಬರುತ್ತಿತ್ತು. ಆ ಸಾಲಿನಲ್ಲಿ ನಿಂತ ನೋವು ಗೊತ್ತಿದ್ದವಳು ಅವಳೊಬ್ಬಳೇ ತಾನೇ.

ಪ್ರಿಸಿಲ್ಲಾಳನ್ನು ಈ ವರ್ಷ ಹೊಸದಾಗಿ ವಹಿಸಿಕೊಂಡ ಮನೆಯವರು ಯಾರೆಂದು ಅವಳಿಗಿನ್ನೂ ಗೊತ್ತಿರಲಿಲ್ಲ. ಅವನು ಕೆಳಗಿಳಿದಾಗ, ಮೈಕಿನಲ್ಲಿ ಕೂಗಿಸಲು ಅವಳು ಹೆಸರು ಕೇಳಿದಳು.

"ರೂಬೆನ್ ಸಾಲೊಮನ್. ಅಮ್ಮ ಬೇರೆ ಫಂಕ್ಷನ್‌ಗೆ ಚೀಫ್ ಗೆಸ್ಟ್. ಅದಕ್ಕೆ ನನ್ನನ್ನ ಕಳಿಸಿದ್ರು."

ಮಾರಿಯಾಳ ಕೈಯಲ್ಲಿದ್ದ ಹಾರದ ಬುಟ್ಟಿ ಜಾರಿತು.

ರೂಬೆನ್... ಗ್ಲೋರಿ ಆಂಟಿಯ ಮಗ ರೂಬೆನ್!

ಇವನ ಮುಖವನ್ನು ಅವಳು ನೋಡುತ್ತಿದ್ದುದು ಇದೇ ಮೊದಲು. ಆದರೆ ಈ ಹೆಸರನ್ನು ಅವಳಷ್ಟು ಸಲ ಹೇಳಿದವರು ಈ ಭೂಮಿಯ ಮೇಲೆ ಇನ್ನೊಬ್ಬರಿರಲಿಲ್ಲ. ಅವನ ಹೆತ್ತ ತಾಯಿಯೂ ಹೇಳಿರಲಾರಳು.

ಚಾರೆಪ್ತಾ ಮನೆಯಲ್ಲಿ ಒಂದು ಪದ್ಧತಿಯಿದೆ. ದಿನವೂ ದೀಪ ಹಚ್ಚುವ ಹೊತ್ತಿಗೆ ಮಕ್ಕಳು ಸಿಮೆಂಟು ನೆಲದ ಮೇಲೆ ಸಾಲಾಗಿ ಮೊಣಕಾಲೂರಿ, ಕಣ್ಣು ಮುಚ್ಚಿ, ತಮ್ಮನ್ನು ಓದಿಸುವ ಕುಟುಂಬಕ್ಕಾಗಿ ಹೆಸರು ಹಿಡಿದು ಪ್ರಾರ್ಥಿಸಬೇಕು. ಮಾರಿಯಾಳನ್ನು ಓದಿಸಿದವರು ಇಂದಿರಾನಗರದ ಶ್ರೀಮತಿ ಗ್ಲೋರಿ ಸಾಲೊಮನ್. ಆ ಮಹಾತಾಯಿ ಸುಮ್ಮನೆ ಆಶೀರ್ವಾದ ಬೇಡುವವರಲ್ಲ. ಏನೇನು ಬೇಡಬೇಕೆಂದು ವಾರ್ಡನ್ ಸುಗುಣಮ್ಮನಿಗೆ ಫೋನಿನಲ್ಲಿ ಹೇಳಿ ಕಳಿಸುತ್ತಿದ್ದರು. ಮಗನಿಗೆ ಮೈತುಂಬ ಅಮ್ಮ ಎದ್ದಿದೆ, ಗುಣವಾಗಲಿ. ಮಗನಿಗೆ ಸೈಕಲ್ ಬೇಕು, ಒಳ್ಳೆಯದು ಸಿಗಲಿ. ಮಗ ಗಣಿತದಲ್ಲಿ ಹಿಂದೆ, ಪಾಸಾಗಲಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಹಾಗೆ. ಅಲ್ಲಿ ಅವನಿಗೆ ಪರೀಕ್ಷೆ, ಇಲ್ಲಿ ಇವಳ ಮೊಣಕಾಲಿಗೆ ಶಿಕ್ಷೆ. ಕಾಲಿಗೆ ಹರಿದ ಚಪ್ಪಲಿ ಹಾಕಿಕೊಂಡು ಅವನ ಸೈಕಲ್ಲಿಗಾಗಿ ಬೇಡಿದ್ದಳು. ಸೈಕಲ್ ಬಂತಂತೆ, ಬಣ್ಣ ಇಷ್ಟವಾಗಲಿಲ್ಲವಂತೆ.

'ಹಾಳಾದವನು... ಇವನಾ ಅವನು?' ಎಂದುಕೊಂಡಳು ಮಾರಿಯಾ. ನೋಡಲು ಚೆನ್ನಾಗಿದ್ದಾನೆ ಎಂಬುದು ಅವಳ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು.

*

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಮುಂದಿನ ಶನಿವಾರ ಅವನು ಮತ್ತೆ ಬಂದ. ಕ್ಯಾಮೆರಾ ಇಲ್ಲ, ಕೇಕಿನ ಡಬ್ಬಿ ಇಲ್ಲ. ಒಂದನೇ ತರಗತಿಯ ಬಾಗಿಲಲ್ಲಿ ನಿಂತು ತಲೆ ಕೆರೆದುಕೊಂಡ.

"ಟೀಚರ್, ನನಗೆ ಕನ್ನಡ ಓದೋಕೆ ಕಲಿಸ್ತೀರಾ?"

ಮನೆಯಲ್ಲಿ ಅವನ ಅಜ್ಜಿ ಇದ್ದಾರಂತೆ, ತಂದೆಯ ತಾಯಿ. ಕಣ್ಣು ಪೂರ್ತಿ ಹೋಗಿದೆ. ದಿನವೂ ಅವರ ಕನ್ನಡ ಬೈಬಲನ್ನು ಓದಿ ಹೇಳುತ್ತಿದ್ದ ಅಪ್ಪ ತೀರಿಕೊಂಡ ಮೇಲೆ, ಆ ದೊಡ್ಡ ಮನೆಯಲ್ಲಿ ಕನ್ನಡ ಅಕ್ಷರ ಬಲ್ಲವರು ಒಬ್ಬರೂ ಇಲ್ಲ. ಮೊಬೈಲಿನಲ್ಲಿ ಹಾಕಿ ಕೊಟ್ಟರೆ ಅಜ್ಜಿ ಒಪ್ಪುವುದಿಲ್ಲ, ಯಾವನೋ ಓದುವುದು ಬೇಡ, ಮನೆಯವರ ಗಂಟಲು ಬೇಕು ಎನ್ನುತ್ತಾರೆ. ರೂಬೆನ್ ಕನ್ನಡ ಮಾತಾಡುತ್ತಾನೆ, ಆದರೆ ಕಂಟೋನ್ಮೆಂಟಿನ ದೊಡ್ಡ ಶಾಲೆಯಲ್ಲಿ ಓದಿದವನು, 'ಅ' ಯಾವುದು 'ಆ' ಯಾವುದು ಗೊತ್ತಿಲ್ಲ.

ಮಾರಿಯಾಗೆ ನಗು ತಡೆಯಲಾಗಲಿಲ್ಲ. ಗ್ಲೋರಿ ಆಂಟಿ ಬಡ ಮಕ್ಕಳ ಕ್ರೈಸ್ತ ವಿದ್ಯಾಭ್ಯಾಸಕ್ಕೆಂದು ಊರೂರು ಭಾಷಣ ಮಾಡುತ್ತಾರೆ. ಸ್ವಂತ ಅತ್ತೆಗೆ ಒಂದು ವಾಕ್ಯ ಓದಿ ಹೇಳುವವರಿಲ್ಲ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದರೆ ಇದೇ ಅಲ್ಲವೇ?

"ಕುರ್ಚಿ ಇಲ್ಲ," ಎಂದಳು ನಿಷ್ಠುರವಾಗಿ. "ಚಾಪೆ ಮೇಲೆ ಕೂತ್ಕೋಬೇಕು. ಮಕ್ಕಳ ಜೊತೆ."

ಒಂದು ಗಂಟೆಯಲ್ಲಿ ಓಡಿಹೋಗುತ್ತಾನೆ ಎಂದುಕೊಂಡಿದ್ದಳು. ಅವನು ಓಡಲಿಲ್ಲ. ಉದ್ದ ಕಾಲುಗಳನ್ನು ಹೇಗೋ ಮಡಿಸಿಕೊಂಡು ಪ್ರಿಸಿಲ್ಲಾಳ ಪಕ್ಕ ಕೂತ. ಆ ಮಗುವಂತೂ ತನ್ನ ಪೋಷಕನೇ ಶಿಷ್ಯನಾಗಿ ಸಿಕ್ಕ ಸಂಭ್ರಮಕ್ಕೆ ಸ್ಕೇಲು ಹಿಡಿದು ಅವನನ್ನು ಗೋಳು ಹೊಯ್ದುಕೊಂಡಿತು. 'ಅಂಕಲ್, ಇದು ಭ ಅಲ್ಲ ಬ, ಹೊಟ್ಟೆ ಸೀಳಿಲ್ಲ ನೋಡಿ' ಎಂದು ಗದರಿಸುತ್ತಿತ್ತು. ಅವನು ಕಿವಿ ಹಿಡಿದುಕೊಂಡು ಮತ್ತೆ ಬರೆಯುತ್ತಿದ್ದ.

ಶನಿವಾರಗಳು ಹೀಗೇ ಕಳೆದವು. ಮಾರಿಯಾ ಅವನನ್ನು ಸಾರ್ ಎಂದೇ ಕರೆಯುತ್ತಿದ್ದಳು, ಆ ಸಾರ್ ಎನ್ನುವುದರಲ್ಲಿ ಮರ್ಯಾದೆಗಿಂತ ಖಾರವೇ ಹೆಚ್ಚು. ಗಣಿತ ಬಾರದವನು ಈಗ ಆಡಿಟರ್ ಆಗಿದ್ದಾನೆ ಎಂದು ತಿಳಿದ ದಿನ ಅವಳು ಅಡುಗೆಮನೆಗೆ ಹೋಗಿ ನಕ್ಕಳು. ಅಡುಗೆಯ ಇಮಾಮ್ ಬೀ, ಇವಳನ್ನು ಎತ್ತಿ ಆಡಿಸಿದ ಮುದುಕಿ, ಹುಬ್ಬೇರಿಸಿ ನೋಡಿದಳು.

"ಬೈತಾ ಬೈತಾ ಅವನ ಸುದ್ದೀನೇ ಹೇಳ್ತೀಯಲ್ಲ ಬೇಟಿ," ಎಂದಳು. ಮಾರಿಯಾ ಮೊರ ಎಳೆದುಕೊಂಡು ಅಕ್ಕಿ ಆರಿಸುತ್ತಾ ಕೂತಳು.

ಒಂದು ದಿನ ಒಂದನೇ ತರಗತಿಗೆ ಅವಳು ಚಾರೆಪ್ತಾ ಊರಿನ ವಿಧವೆಯ ಕಥೆ ಹೇಳುತ್ತಿದ್ದಳು. ಬರಗಾಲ. ಎಲೀಯ ಪ್ರವಾದಿ ಹಸಿದು ಬಂದು ರೊಟ್ಟಿ ಕೇಳಿದ. ವಿಧವೆಯ ಮನೆಯಲ್ಲಿ ಉಳಿದಿದ್ದು ಒಂದು ಹಿಡಿ ಹಿಟ್ಟು. ಅದನ್ನೇ ರೊಟ್ಟಿ ಸುಟ್ಟು ಅವನಿಗೆ ಕೊಟ್ಟಳು.

"ಅಂದ್ರೆ ಕೈ ಚಾಚಿದ್ದು ಪ್ರವಾದೀನಾ?" ಎಂದು ಕೇಳಿದ ರೂಬೆನ್. "ಬಡವಳ ಮುಂದೆ?"

"ಹೂಂ. ಅದಕ್ಕೇ ನಮ್ಮ ಪೋಷಕರು ಯಾರೂ ಈ ಅಧ್ಯಾಯ ಓದಲ್ಲ," ಎಂದಳು ಮಾರಿಯಾ ಚುಚ್ಚಿ.

ಅವನು ಮುನಿಸಿಕೊಳ್ಳಲಿಲ್ಲ. ಅಜ್ಜಿಗೆ ಮೊದಲು ಓದಿ ಹೇಳುವುದು ಇದನ್ನೇ ಎಂದ.

ದೊಡ್ಡ ಅಕ್ಷರದ ಬೈಬಲ್ ಕೊಳ್ಳಲು ಅವರಿಬ್ಬರೂ ಒಂದು ಸಂಜೆ ಶಿವಾಜಿನಗರಕ್ಕೆ ಹೋಗಿದ್ದರು. ವಾಪಸು ಬರುವಾಗ ಮಸೀದಿ ರಸ್ತೆಯ ಹೋಟೆಲಿನಲ್ಲಿ ಅವನು ಚಹಾ ಹೇಳಿ ಜೇಬಿಗೆ ಕೈ ಹಾಕಿದ. ಅಷ್ಟಕ್ಕೇ ಮಾರಿಯಾಳ ಮುಖ ಕೆಂಪಾಯಿತು. ಬೇರೆಯವರ ಕೈಯಿಂದ ಒಂದು ಲೋಟ ಚಹಾ ಕೂಡ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಕೊಟ್ಟವರೆಲ್ಲ ಥ್ಯಾಂಕ್ಸ್ ಎನ್ನುವ ಮಾತಿಗಾಗಿ ಬಾಯಿ ನೋಡುತ್ತಾ ನಿಂತಿರುತ್ತಾರೆ, ಅದು ಅವಳಿಗೆ ಬಾಲ್ಯದಿಂದಲೂ ಗೊತ್ತು.

"ನಿಮ್ಮನೆಯವರು ಕೊಟ್ಟಿದ್ದು ಸಾಕಾಗಿದೆ ಸಾರ್, ನನಗೆ ಬೇಡ," ಎಂದಳು.

ಅವನು ಒಂದು ಕ್ಷಣ ಅವಳನ್ನೇ ನೋಡಿದ. ಆಮೇಲೆ ಜೇಬಿನಿಂದ ಕೈ ತೆಗೆದ.

"ಹಾಗಾದ್ರೆ ನೀವೇ ಕೊಡ್ಸಿ. ನನಗೆ ಸಮೋಸಾನೂ ಬೇಕು. ಎರಡು."

ಮಾರಿಯಾ ದಂಗಾದಳು! ಅವಳ ಬಳಿ ಯಾರೂ ಏನನ್ನೂ ಕೇಳಿರಲಿಲ್ಲ. ಅನಾಥೆಯ ಹತ್ತಿರ ಕೇಳುವುದೇನಿದೆ? ಇವನು ಕೇಳಿದ, ಅವಳು ಕೊಡಿಸಿದ ಸಮೋಸಾವನ್ನು ನಾಚಿಕೆಯಿಲ್ಲದೆ ತಿಂದ, ಇನ್ನೊಂದು ಕೇಳಿದ. ತುಟಿಯಂಚಿಗೆ ಚಟ್ನಿ ಮೆತ್ತಿಕೊಂಡ ಆ ಮುಖ ನೋಡುತ್ತಿದ್ದಂತೆ ಅವಳೊಳಗೆ ಏನೋ ಕರಗಿತು. ಹೆದರಿಕೆಯೂ ಆಯಿತು.

'ಬೇಡ ಮಾರಿಯಾ... ಬೇಡ. ಇವನು ಗ್ಲೋರಿ ಆಂಟಿ ಮಗ.'

ಹೃದಯ ಕೇಳಬೇಕಲ್ಲ? ಕೇಳಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ಅವಳು ಶನಿವಾರಕ್ಕಾಗಿ ಕಾಯತೊಡಗಿದ್ದಳು. ಅವನೂ ಕಾಯುತ್ತಿದ್ದ. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

*

ಮತ್ತೆ ನವೆಂಬರ್ ಬಂತು, ಮತ್ತೆ ಪೋಷಕರ ಭಾನುವಾರ. ಈ ಸಲ ಗ್ಲೋರಿ ಆಂಟಿಯೇ ಖುದ್ದಾಗಿ ದಯಮಾಡಿಸಿದ್ದರು. ಕಾಂಚೀಪುರಂ ಸೀರೆ, ಮುತ್ತಿನ ಸರ, ಮೈಕ್ ಕಂಡರೆ ಬಿಡದ ಕೈ.

ಮಕ್ಕಳ ಹಾರ ಮುಗಿಯಿತು, ಬಾಯಿಪಾಠ ಮುಗಿಯಿತು. ಆಗ ಅವರು ಗಂಟಲು ಸರಿಮಾಡಿಕೊಂಡು, ಇವತ್ತು ಒಂದು ವಿಶೇಷ ಸಾಕ್ಷಿ ಹೇಳಬೇಕಿದೆ ಎಂದರು.

"ಈ ಮನೆಯ ಮಾರಿಯಾಗೆ ನಮ್ಮ ಕುಟುಂಬ ವಿದ್ಯೆ ಕೊಡ್ತು. ಈಗ ನನ್ನ ಮಗ ಅವಳಿಗೆ ಬಾಳೂ ಕೊಡ್ತಿದ್ದಾನೆ. ಅಪ್ಪ ಅಮ್ಮ ಇಲ್ಲದ ಹುಡುಗಿ ಅಂತ ನಾವು ಭೇದ ಮಾಡೋದಿಲ್ಲ. ಬಾಮ್ಮಾ ಮಾರಿಯಾ, ಮೇಲೆ ಬಾ, ಎಲ್ಲರೂ ನಿನ್ನ ನೋಡ್ಲಿ."

ಚಪ್ಪಾಳೆಯೋ ಚಪ್ಪಾಳೆ. ಮುಂದಿನ ಸಾಲಿನಲ್ಲಿ ಒಬ್ಬರು ಕಣ್ಣೊರೆಸಿಕೊಂಡರು. ಎಂಥ ದೊಡ್ಡ ಮನಸ್ಸು, ಎಂಥ ತ್ಯಾಗ ಎಂದು ಪಿಸುಗುಟ್ಟಿದರು. ತ್ಯಾಗವಂತೆ!

ಮಾರಿಯಾಳನ್ನು ಯಾರೋ ವೇದಿಕೆಗೆ ದೂಡಿದರು. ಯಾರೋ ಅವಳ ಕೈಗೆ ಒಂದು ಹಾರ ತುರುಕಿ, ಹುಡುಗನಿಗೆ ಹಾಕಮ್ಮಾ, ಫೋಟೋಗೆ ಎಂದರು. ಎದುರಿಗೆ ರೂಬೆನ್ ನಿಂತಿದ್ದ. ಕೈಯಲ್ಲಿ ಹೂಗುಚ್ಛ. ಮುಖ ಬಿಳಿಚಿಕೊಂಡಿತ್ತು.

ಅವಳು ಕಾದಳು. 'ಒಂದು ಮಾತು ಹೇಳು... ಅಮ್ಮ ತಪ್ಪು ಹೇಳ್ತಿದ್ದಾರೆ ಅಂತ ಒಂದೇ ಒಂದು ಮಾತು...'

ಅವನು ಹೇಳಲಿಲ್ಲ.

"ಬಗ್ಗಿ, ಸಾರ್," ಎಂದಳು ಮಾರಿಯಾ.

ಅಭ್ಯಾಸಬಲವೋ ಏನೋ, ಅವನು ತಲೆ ಬಗ್ಗಿಸಿದ. ಅವಳು ಹಾರ ಹಾಕಲಿಲ್ಲ. ಅದನ್ನು ಗ್ಲೋರಿ ಆಂಟಿಯ ಕೈಗೆ ಕೊಟ್ಟು, ಮೈಕನ್ನು ತನ್ನತ್ತ ಎಳೆದುಕೊಂಡಳು.

"ವಿದ್ಯೆ ನೀವು ಕೊಡಿಸಿದ್ರಿ ಆಂಟಿ, ಸುಳ್ಳಲ್ಲ. ಅದಕ್ಕೆ ದಿನಾ ಮೊಣಕಾಲೂರಿ ಥ್ಯಾಂಕ್ಸ್ ಹೇಳಿದೀನಿ. ಆದ್ರೆ ಬಾಳು ನಂದೇ. ಅದನ್ನ ಯಾರೂ ಕೊಡೋದು ಬೇಡ."

ಆಮೇಲೆ ರೂಬೆನ್ ಕಡೆಗೆ ತಿರುಗಿದಳು. ಮೈಕಿನಿಂದ ದೂರ, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ.

"ನನಗೆ ಗಂಡ ಸಿಗ್ತಾನೆ ಅಂದ್ಕೊಂಡಿದ್ದೆ ಸಾರ್. ಪೋಷಕರು ಮೊದಲೇ ಇದ್ರು."

ವೇದಿಕೆ ಇಳಿದು ಹೋದಳು. ಅವತ್ತು ಬಿರಿಯಾನಿ ಯಾರಿಗೂ ರುಚಿಸಲಿಲ್ಲ. ಗ್ಲೋರಿ ಆಂಟಿಯೊಬ್ಬರು ಉಂಡರು, ಉಂಡ ಮನೆಗೆ ಎರಡು ಬಗೆಯುವ ಜನ ಎಂದು ಗೊಣಗುತ್ತಾ ಉಂಡರು.

*

ವಾರ್ಡನ್ ಸುಗುಣಮ್ಮ ಬೈದರು, ಆಮೇಲೆ ಅತ್ತರು. ಇಷ್ಟು ದೊಡ್ಡ ಸಂಬಂಧ ಯಾರಿಗೆ ಸಿಗುತ್ತೆ, ಹೋಗಿ ಕ್ಷಮೆ ಕೇಳು ಎಂದರು. ಮಾರಿಯಾ ಕೇಳಲಿಲ್ಲ. ಕೆ.ಆರ್.ಪುರದ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಖಾಲಿಯಿತ್ತು, ಹೊಸ ವರ್ಷಕ್ಕೆ ಬಂದು ಸೇರುತ್ತೇನೆ ಎಂದು ಒಪ್ಪಿಕೊಂಡು ಬಂದಳು. ಬೆಳೆದ ಮನೆಯನ್ನು ಬಿಡುವುದು ಸುಲಭವೇ? ಆದರೆ ಇಲ್ಲಿದ್ದರೆ ಸಾಯುವತನಕ ಅವಳು ಗ್ಲೋರಿ ಆಂಟಿ ಓದಿಸಿದ ಹುಡುಗಿ. ಅವನನ್ನು ಮದುವೆಯಾದರಂತೂ ಮುಗಿಯಿತು. ದಿನವೂ ಉಣ್ಣುವ ಅನ್ನಕ್ಕೆ, ಉಡುವ ಸೀರೆಗೆ, ಕೊನೆಗೆ ಪ್ರೀತಿಗೂ ಥ್ಯಾಂಕ್ಸ್ ಹೇಳುತ್ತಾ ಬದುಕಬೇಕು. ಅವಳಿಂದ ಅದಾಗದು.

ರೂಬೆನ್ ಫೋನ್ ಮಾಡಿದ. ಎತ್ತಲಿಲ್ಲ. ಗೇಟಿನ ತನಕ ಬಂದ. ಪಾಠ ಇದೆ ಎಂದು ಹೇಳಿ ಕಳಿಸಿದಳು. ರಾತ್ರಿ ದಿಂಬಿಗೆ ಮುಖ ಒತ್ತಿ ಅತ್ತಳು, ಅದು ಬೇರೆ ಮಾತು.

'ನನ್ನ ಕಣ್ಣೀರಿಗೂ ಅವನು ಲಾಯಕ್ಕಲ್ಲ,' ಎಂದು ಬೈದುಕೊಳ್ಳುತ್ತಲೇ ಅತ್ತಳು.

ಡಿಸೆಂಬರ್ ಬಂತು. ಪಡಸಾಲೆಯ ಮುಂದೆ ಕಾಗದದ ನಕ್ಷತ್ರ ಕಟ್ಟಿದರು. ಅವತ್ತು ಸಂಜೆ ಮಾರಿಯಾ ತನ್ನ ಪುಸ್ತಕಗಳನ್ನು ಪೆಟ್ಟಿಗೆಗೆ ತುಂಬಿ, ಪ್ರಾರ್ಥನೆಯ ಕೋಣೆಯ ಬಾಗಿಲಿಗೆ ಬಂದು ನಿಂತಳು. ಮೊದಲೆಲ್ಲ ಪ್ರಾರ್ಥನೆ ನಡೆಸುತ್ತಿದ್ದವಳು ಅವಳೇ. ಆ ಭಾನುವಾರದಿಂದೀಚೆಗೆ ಮುಂದೆ ನಿಲ್ಲಲು ಮನಸ್ಸಾಗದೆ, ಸುಗುಣಮ್ಮನಿಗೇ ಬಿಟ್ಟಿದ್ದಳು.

ಮಕ್ಕಳು ಸಾಲಾಗಿ ಮೊಣಕಾಲೂರಿದ್ದರು. ಎಲ್ಲರ ಕಣ್ಣೂ ಮುಚ್ಚಿತ್ತು. ಸಾಲಿನ ಕೊನೆಯಲ್ಲಿ, ಪ್ರಿಸಿಲ್ಲಾಳ ಪಕ್ಕದಲ್ಲಿ, ಒಂದು ದೊಡ್ಡ ಬೆನ್ನು...

ರೂಬೆನ್!

ಅವಳನ್ನು ನೋಡಲು ಬಂದವನಿಗೆ, ಪ್ರಾರ್ಥನೆ ಹೊತ್ತಲ್ಲಿ ಮಾತಿಲ್ಲ, ಇರುವುದಾದರೆ ಮೊಣಕಾಲೂರು ಎಂದಿದ್ದರು ಸುಗುಣಮ್ಮ. ಅವನು ಊರಿದ್ದ.

ಒಬ್ಬೊಬ್ಬರೇ ತಮ್ಮ ಪೋಷಕರ ಹೆಸರು ಹೇಳುತ್ತಾ ಬಂದರು. ಪ್ರಿಸಿಲ್ಲಾ ತನ್ನದನ್ನು ಮುಗಿಸಿ, ಪದ್ಧತಿಯಂತೆ ಪಕ್ಕದವರನ್ನು ಮೊಣಕೈಯಿಂದ ತಿವಿದಳು. ಪಕ್ಕದಲ್ಲಿದ್ದವನು ಅವನೇ. ಮತ್ತೆ ತಿವಿದಳು.

"ಕರ್ತನೇ..." ಎಂದ ರೂಬೆನ್. "ನನ್ನ ಹೆಸರು ರೂಬೆನ್. ನನ್ನನ್ನ ಓದಿಸಿದವರು ಮಾರಿಯಾ ಟೀಚರ್. ಅವರು ಕಲಿಸಿದ್ದಕ್ಕೆ ನಮ್ಮಜ್ಜಿ ದಿನಾ ನಿನ್ನ ವಾಕ್ಯ ಕೇಳ್ತಿದ್ದಾರೆ. ಅವರಿಗೆ ನಾನು ಏನೂ ಕೊಟ್ಟಿಲ್ಲ. ಎಲ್ಲರ ಮುಂದೆ ಅವಮಾನ ಆಗೋವಾಗ ಬಾಯಿ ಮುಚ್ಕೊಂಡು ನಿಂತಿದ್ದೆ. ಅವರು ನನ್ನನ್ನ ಕ್ಷಮಿಸದೇ ಇದ್ರೂ ಪರವಾಗಿಲ್ಲ. ಅವರನ್ನ ಆಶೀರ್ವದಿಸು. ಆಮೆನ್."

ಪ್ರಿಸಿಲ್ಲಾ ಕಣ್ಣು ತೆರೆಯದೆಯೇ ಪಿಸುಗುಟ್ಟಿದಳು.

"ಅಂಕಲ್, 'ಹೆಚ್ಚಾಗಿ' ಬಿಟ್ಬಿಟ್ರಿ."

"ಹೆಚ್ಚಾಗಿ ಆಶೀರ್ವದಿಸು," ಎಂದ ಅವನು.

ಬಾಗಿಲಲ್ಲಿ ನಿಂತಿದ್ದ ಮಾರಿಯಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬುದ್ಧಿ ಬಂದಾಗಿನಿಂದ ಅವಳು ಬೇರೆಯವರ ಹೆಸರು ಹೇಳುತ್ತಾ ಬಂದಿದ್ದಳು. ಆಂಟಿಗೆ, ಅಂಕಲ್‌ಗೆ, ಅವರ ಮಗನಿಗೆ, ಅವರ ನಾಯಿಗೂ ಒಮ್ಮೆ. ಅವಳ ಹೆಸರನ್ನು ಮೊಣಕಾಲೂರಿ ಹೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಇಲ್ಲಿ ಮೈಕ್ ಇರಲಿಲ್ಲ, ಕ್ಯಾಮೆರಾ ಇರಲಿಲ್ಲ. ನೋಡಲು ಒಂದು ಕಣ್ಣೂ ತೆರೆದಿರಲಿಲ್ಲ.

ಅಷ್ಟು ದಿನ ಕಟ್ಟಿಕೊಂಡಿದ್ದ ತಾತ್ಸಾರವೆಲ್ಲ ಕಣ್ಣಿಂದ ಇಳಿದುಹೋಯಿತು.

*

ಪ್ರಾರ್ಥನೆ ಮುಗಿದು ಹೊರಬಂದವನು ಪಡಸಾಲೆಯ ಮೆಟ್ಟಿಲ ಮೇಲೆ ಅವಳು ಕೂತಿದ್ದನ್ನು ಕಂಡು ಅಲ್ಲೇ ನಿಂತ. ಮೇಲೆ ಕಾಗದದ ನಕ್ಷತ್ರ ಉರಿಯುತ್ತಿತ್ತು.

ಅವನು ಯಾವ ನೆಪವನ್ನೂ ಹೇಳಲಿಲ್ಲ. ಅಮ್ಮನಿಗೆ ತಾನೇ ಹೇಳಿದ್ದು ಎಂದು ಒಪ್ಪಿಕೊಂಡ. ಅವರ ಮನೆಯಲ್ಲಿ ಹಲ್ಲುನೋವಾದರೂ ಮೊದಲು ಅಮ್ಮನಿಗೆ ಹೇಳುವುದೇ ರೂಢಿಯಂತೆ. ಮಾರಿಯಾ ಇಷ್ಟ, ಮದುವೆಯಾಗಬೇಕು ಎಂದು ಹೇಳಿದ್ದ. ಅಮ್ಮ ಅದನ್ನು ಮೈಕಿಗೆ ಕೊಡುತ್ತಾರೆಂದು ಅವನಿಗೆ ಹೊಳೆದಿರಲಿಲ್ಲ.

"ಮೊದಲು ನಿಮ್ಮನ್ನ ಕೇಳ್ಬೇಕಿತ್ತು," ಎಂದ. "ಕೇಳದೇನೇ ನೀವು ಒಪ್ತೀರಿ ಅಂದ್ಕೊಂಡ್ಬಿಟ್ಟೆ. ಕೊಡೋರ ಮನೇಲಿ ಬೆಳೆದು ಬಂದ ರೋಗ ಅದು. ಅಮ್ಮನ ಹತ್ರ ಆಮೇಲೆ ಜಗಳ ಆಡಿದೆ. ತಡವಾಗಿ."

"ಆಂಟಿ ಏನಂದ್ರು?"

"ಇನ್ನೂ ಮುನಿಸ್ಕೊಂಡಿದ್ದಾರೆ. ಅಜ್ಜಿ ಮಾತ್ರ ಅಮ್ಮನ್ನ ಕೂರಿಸ್ಕೊಂಡು ಕೇಳಿದ್ರು, ಗ್ಲೋರಿ, ನನ್ನ ಮನೇಲಿ ಓದು ನಿಂತುಹೋಗಿತ್ತು, ಆ ಹುಡುಗಿ ಮತ್ತೆ ಶುರು ಮಾಡಿಸಿದ್ಳು, ಯಾರಿಗೆ ಯಾರು ಬಾಳು ಕೊಟ್ಟಿದ್ದು ಹೇಳು ಅಂತ."

ಮಾರಿಯಾ ನಕ್ಕಳು. ಕಣ್ಣೀರಿನ ನಡುವೆಯೇ ನಕ್ಕಳು. ಆಮೇಲೆ, ಇಷ್ಟು ವರ್ಷ ಯಾರಿಗೂ ಹೇಳದ್ದನ್ನು ಹೇಳಲು ಉಸಿರೆಳೆದುಕೊಂಡಳು.

"ನೀವು ಹತ್ತನೇ ಕ್ಲಾಸಲ್ಲಿ ಗಣಿತ ಪಾಸಾಗಿದ್ದು ಯಾರಿಂದ ಗೊತ್ತಾ?"

ಅವನು ಕಣ್ಣು ಪಿಳಿಪಿಳಿ ಮಾಡಿದ. "ಟ್ಯೂಷನ್ ಮೇಷ್ಟ್ರಿಂದ."

"ಅಲ್ಲ. ನನ್ನ ಮೊಣಕಾಲಿಂದ."

ಅವಳು ಎಲ್ಲವನ್ನೂ ಹೇಳಿದಳು. ಅವನ ಮೈಮೇಲೆ ಎದ್ದ ಅಮ್ಮ ಗುಣವಾಗಲೆಂದು ಬೇಡಿದ್ದು, ಸೈಕಲ್ಲಿಗಾಗಿ ಬೇಡಿದ್ದು, ಬೇಡುತ್ತಲೇ ಅವನನ್ನು ಮನಸಾರೆ ಬೈದದ್ದು. ಕೇಳುತ್ತಾ ಕೇಳುತ್ತಾ ಅವನು ಮೆಟ್ಟಿಲ ಮೇಲೆ ಕುಸಿದು ಕೂತ. ಅವನ ಕಣ್ಣು ತುಂಬಿತ್ತು.

"ಕೆಲಸ ಸಿಕ್ಕಿದ ಮೇಲೆ ಪ್ರಾರ್ಥನೇಲಿ ನಿಮ್ಮಮ್ಮನ ಹೆಸರು ಬಿಟ್ಟುಬಿಟ್ಟೆ," ಎಂದಳು ಮಾರಿಯಾ. "ಅವತ್ತೇ. ಸಂತೋಷವಾಗಿ ಬಿಟ್ಟೆ. ನಿಮ್ಮದನ್ನ ಬಿಡೋಕೆ ಎಷ್ಟು ಸಲ ನೋಡಿದೆ... ಆಗ್ಲೇ ಇಲ್ಲ. ಹೋದ ತಿಂಗಳು ಅಷ್ಟು ಸಿಟ್ಟಲ್ಲೂ ದಿನಾ ಹೇಳಿದೀನಿ. ನಿನ್ನೆನೂ."

ಒಳಗೆ ಮಕ್ಕಳು ತಟ್ಟೆ ಹಾಕುವ ಸದ್ದು ಕೇಳುತ್ತಿತ್ತು.

"ಅಮ್ಮನ್ನ ಕೇಳಿದ್ರಲ್ಲ," ಎಂದಳು ಅವಳು ಕೊನೆಗೆ, ತಲೆ ತಗ್ಗಿಸಿ. "ಈಗ ನನ್ನನ್ನ ಕೇಳಿ."

"ಮಾರಿಯಾ... ನನ್ನನ್ನ ಮದುವೆ ಆಗ್ತೀರಾ? ಕೊಡೋಕೆ ನನ್ನ ಹತ್ರ ಏನೂ ಇಲ್ಲ. ನೀವೇ ಬೇಕು ನನಗೆ."

"ಆಗ್ತೀನಿ."

"ಥ್ಯಾಂಕ್—"

ಅವಳ ಕೈ ಅವನ ಬಾಯಿ ಮುಚ್ಚಿತು.

"ಅದೊಂದು ಮಾತು ಬೇಡ ರೂಬೆನ್," ಎಂದಳು. ಸಾರ್ ಎನ್ನಲಿಲ್ಲ. "ಹಸಿವಾಗಿದೆ. ಬಾ, ಊಟ ಮಾಡೋಣ."